ಕಡಲಿಗೆ ಹಿತ್ತಿಲ ಬಾಗಿಲಿಲ್ಲ

2024ರ ಜೂನ್ 29ರ ರಾತ್ರಿ ಕನ್ನಡನಾಡಿನ ಮನೆಮನೆಗಳಲ್ಲಿ ಉಸಿರು ಬಿಗಿಹಿಡಿದು ದೂರದರ್ಶನದ ಮುಂದೆ ಕುಳಿತಿದ್ದವರಿಗೆಲ್ಲ ಬ್ರಿಜ್‌ಟೌನ್ ಎಂಬ ಊರಿನ ಹೆಸರು ಪರಿಚಿತವಾಗಿದೆ. ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರು ತರಬೇತುದಾರರಾಗಿದ್ದ ಭಾರತ ತಂಡವು ವಿಶ್ವಕಪ್ಪನ್ನು ಗೆದ್ದ ಕೆನ್ಸಿಂಗ್ಟನ್ ಓವಲ್ ಕ್ರೀಡಾಂಗಣವಿರುವುದು, ಕೆರಿಬಿಯನ್ ದ್ವೀಪಮಾಲೆಯಿಂದ ತುಸು ಬೇರ್ಪಟ್ಟು ಪೂರ್ವದ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಬಾರ್ಬಡೋಸ್ ರಾಷ್ಟ್ರದ ಆ ರಾಜಧಾನಿಯಲ್ಲಿ. ಅಂದು ನಾವು ಕಂಡುದು ಕ್ರೀಡಾಂಗಣವನ್ನು ಮಾತ್ರ. ಅದೇ ಊರಿನ ಇನ್ನೊಂದು ಮಗ್ಗುಲಿನಲ್ಲಿ, ಟಿಕೀಟಾಗಲಿ ಬಾಗಿಲಾಗಲಿ ಕಾವಲುಗಾರನಾಗಲಿ ಇಲ್ಲದೆ, ದಿನದಿನವೂ ಬೆಳಗಿನ ಜಾವದಲ್ಲಿಯೇ ಜನರಿಂದ ತುಂಬಿಕೊಳ್ಳುವ ಮತ್ತೊಂದು ಬಯಲಿದೆ, ಅದು ಕಡಲತೀರ. ಆ ತೀರದಲ್ಲಿ ಕೆಲವು ಮುಂಜಾನೆಗಳನ್ನು ಕಳೆಯುವ ಭಾಗ್ಯ ನನ್ನದಾಗಿತ್ತು. ಅಲ್ಲಿ ಕಂಡುದನ್ನೂ, ಕಂಡುದರಿಂದ ನನ್ನ ಮನಸ್ಸಿನಲ್ಲಿ ಬೇರೂರಿದ ಒಂದು ನಿಶ್ಚಯವನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನನ್ನ ಮಗಳು ಅಲ್ಲಿನ ಕೇವ್ ಹಿಲ್‌ನಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಅಧ್ಯಯನಕ್ಕಾಗಿ ಹೋಗಿದ್ದಳು. ಅವಳನ್ನು ನೋಡಿ ಬರಲು ನಾವಿಬ್ಬರು ವೃದ್ಧ ದಂಪತಿಗಳು ಹೊರಟಾಗ ಪರಿಚಿತರೆಲ್ಲರೂ ಕೊಟ್ಟ ಸಲಹೆ ಒಂದೇ: ಪಶ್ಚಿಮ ತೀರದ ದೊಡ್ಡ ಹೋಟೆಲೊಂದರಲ್ಲಿ ಇಳಿದುಕೊಳ್ಳಿ, ಕಡಲು ನಿಮ್ಮ ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಆದರೆ ಮಗಳು ಬಾಡಿಗೆಗೆ ಹಿಡಿದಿದ್ದ ಮನೆ ಬ್ರಿಜ್‌ಟೌನಿನ ದಕ್ಷಿಣಕ್ಕೆ ಹೇಸ್ಟಿಂಗ್ಸ್ ಎಂಬ ಬಡಾವಣೆಯಲ್ಲಿತ್ತು. ಹೋದ ಮರುದಿನವೇ ಅವಳು, "ಅಪ್ಪಾ, ಇಲ್ಲಿಯ ಜನರನ್ನು ನೋಡಬೇಕಿದ್ದರೆ ಐದೂವರೆಗೆ ಏಳಬೇಕು, ಏಳು ಗಂಟೆಗೆ ಎದ್ದರೆ ಪ್ರವಾಸಿಗರನ್ನಷ್ಟೇ ನೋಡಬಹುದು" ಎಂದಳು. ಅವಳ ಮಾತಿನಂತೆ ನಾವು ಮೂವರೂ ಇನ್ನೂ ಮಸುಕಾಗಿದ್ದ ಬೆಳಕಿನಲ್ಲಿ, ಒಂದಾನೊಂದು ಕಾಲದಲ್ಲಿ ಬ್ರಿಟಿಷ್ ಸೇನೆಯ ಠಾಣ್ಯವಾಗಿದ್ದು ಈಗ ಕುದುರೆಯ ಪಂದ್ಯಗಳು ನಡೆಯುವ ಗ್ಯಾರಿಸನ್ ಸವಾನಾ ಎಂಬ ವಿಶಾಲವಾದ ಹುಲ್ಲುಬಯಲನ್ನು ಬಳಸಿಕೊಂಡು, ಕಾರ್ಲೈಲ್ ಕೊಲ್ಲಿಯ ದಡದ ಪೆಬಲ್ಸ್ ಬೀಚಿಗೆ ನಡೆದೆವು.

ಆ ಕೊಲ್ಲಿ ಪಶ್ಚಿಮಾಭಿಮುಖವಾದುದರಿಂದ ಸೂರ್ಯನು ಅಲ್ಲಿ ಕಡಲಿನಿಂದ ಮೇಲೇಳುವುದಿಲ್ಲ. ಬೆನ್ನ ಹಿಂದಣ ನೆಲದಿಂದ ಏರಿ ಬರುತ್ತಾನೆ. ಮೊದಲು ದೂರದ ನೀರು ಬೆಳಗಿ, ಆ ಬೆಳಕು ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತ, ಕಟ್ಟಕಡೆಗೆ ನಮ್ಮ ಪಾದಗಳನ್ನು ಮುಟ್ಟುವವರೆಗೆ ದಡದಲ್ಲಿ ನಿಂತವನು ನೆರಳಿನಲ್ಲಿಯೇ ಇರುತ್ತಾನೆ. ನಾವು ಹಾಗೆ ನೆರಳಿನಲ್ಲಿ ನಿಂತಿರುವಾಗ ಹಿಂದಿನಿಂದ ಗೊರಸಿನ ಸಪ್ಪಳ ಕೇಳಿಸಿತು. ತಿರುಗಿ ನೋಡಲು, ಪಂದ್ಯದ ಕುದುರೆಗಳು ಒಂದರ ಹಿಂದೊಂದಾಗಿ ರಸ್ತೆಯನ್ನು ದಾಟಿ ಮರಳಿಗಿಳಿಯುತ್ತಿದ್ದವು. ಜೀನಿಲ್ಲದ ಬೆನ್ನಿನ ಮೇಲೆ ಹುಡುಗನೊಬ್ಬನನ್ನು ಹೊತ್ತಿದ್ದ ಕಂದುಬಣ್ಣದ ಕುದುರೆಯೊಂದು ಅಲೆಯ ಅಂಚಿಗೆ ಬಂದು, ಮುಂಗಾಲನ್ನು ಒಮ್ಮೆ ನೀರಿನಲ್ಲಿಟ್ಟು ಹಿಂದೆಗೆದು, ಮೂಗಿನಿಂದ ಜೋರಾಗಿ ಉಸಿರುಬಿಟ್ಟು, ಆಮೇಲೆ ಏನನ್ನೋ ನಿಶ್ಚಯಿಸಿಕೊಂಡಂತೆ ನೇರವಾಗಿ ಒಳನಡೆಯಿತು. ನೀರು ಎದೆಯವರೆಗೆ ಬಂದಿತು, ಕತ್ತಿನವರೆಗೆ ಬಂದಿತು. ಕೊನೆಗೆ ಮೇಲೆತ್ತಿದ ತಲೆಯೂ ಅರಳಿದ ಹೊಳ್ಳೆಗಳೂ ಅದರ ಹಿಂದೆ ಹುಡುಗನ ಹೆಗಲೂ ಮಾತ್ರ ಕಾಣುತ್ತ ಅವೆರಡು ಜೀವಗಳು ಈಜತೊಡಗಿದವು. ಉಪ್ಪುನೀರು ಕುದುರೆಯ ಕಾಲುಗಳಿಗೆ ಹಿತವೆಂಬುದು ಅಲ್ಲಿಯವರ ಅನುಭವ.

ಕುದುರೆಗಳಿಗೆ ಹತ್ತು ಮಾರು ದೂರದಲ್ಲಿಯೇ ಮನುಷ್ಯರ ಸ್ನಾನವೂ ನಡೆಯುತ್ತಿತ್ತು. ಬಾರ್ಬಡೋಸಿನವರು ಕಡಲಿಗಿಳಿಯುವುದನ್ನು ಈಜು ಎಂದು ಕರೆಯುವುದಿಲ್ಲ. 'ಸೀ ಬಾತ್' ಎನ್ನುತ್ತಾರೆ. ಗೋಕರ್ಣದ ತೀರದಲ್ಲಿ ಪರ್ವಕಾಲದಲ್ಲಿ ನಾವು ಯಾವುದನ್ನು ಸಮುದ್ರಸ್ನಾನವೆಂದು ಕರೆಯುತ್ತೇವೆಯೋ ಅಕ್ಷರಶಃ ಅದೇ ಪದ. ನಮ್ಮಲ್ಲಿ ಅದು ತಿಥಿನಕ್ಷತ್ರಗಳನ್ನು ನೋಡಿ ಮಾಡುವ ಪುಣ್ಯಕರ್ಮ. ಅವರಲ್ಲಿ ಅದು ನಿತ್ಯಕರ್ಮ. ಅರುವತ್ತು ಎಪ್ಪತ್ತು ದಾಟಿದ ಹೆಂಗಸರೂ ಗಂಡಸರೂ, ನಿವೃತ್ತ ಉಪಾಧ್ಯಾಯಿನಿಯರೂ ಬಸ್ಸು ನಡೆಸುವವರೂ ಮೀನು ಮಾರುವವರೂ, ಎದೆಮಟ್ಟದ ನೀರಿನಲ್ಲಿ ವೃತ್ತಾಕಾರವಾಗಿ ನಿಂತು, ಅಲೆಗೆ ಮೈಯನ್ನು ಒಪ್ಪಿಸಿ ತೂಗಾಡುತ್ತ, ನಮ್ಮ ಹಳ್ಳಿಯ ಅರಳಿಕಟ್ಟೆಯ ಮೇಲೆ ಹೇಗೆ ಊರಿನ ಸಮಾಚಾರವೆಲ್ಲ ವಿಚಾರಣೆಗೆ ಬರುವುದೋ ಹಾಗೆ ಮಾತನಾಡುತ್ತಿರುತ್ತಾರೆ. ಹೊಸದಾಗಿ ನೀರಿಗಿಳಿಯುವವರು, ಗುರುತಿರಲಿ ಇಲ್ಲದಿರಲಿ, ಎಲ್ಲರಿಗೂ ಕೇಳಿಸುವಂತೆ 'ಗುಡ್ ಮಾರ್ನಿಂಗ್' ಹೇಳಬೇಕು. ಹೇಳದೆ ಇಳಿಯುವುದು ಆ ದ್ವೀಪದಲ್ಲಿ ಅಸಭ್ಯತೆ. ನನ್ನ ಪತ್ನಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿಕೊಂಡು ಅಂಚಿನಲ್ಲಿಯೇ ನಿಂತಿದ್ದುದನ್ನು ಕಂಡು, ತಲೆಗೆ ಹಳದಿ ರಬ್ಬರಿನ ಟೊಪ್ಪಿಗೆ ಹಾಕಿಕೊಂಡಿದ್ದ ವೃದ್ಧೆಯೊಬ್ಬಳು ನೀರಿನೊಳಗಿನಿಂದಲೇ ಕೈಚಾಚಿ, "ಬಾ ತಂಗಿ, ಕೀಲುನೋವಿಗೆ ಇದಕ್ಕಿಂತ ಒಳ್ಳೆಯ ಔಷಧಿ ಯಾವ ವೈದ್ಯನಲ್ಲಿಯೂ ಇಲ್ಲ" ಎಂಬರ್ಥದ ಮಾತನ್ನು ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಧೈರ್ಯ ತಂದುಕೊಂಡು ನಾನು ಇನ್ನೂ ಮುಂದಕ್ಕೆ ಹೋಗಲು ಹವಣಿಸಿದಾಗ ಆಕೆಯೇ ತಡೆದು, ಅವರ ನಾಡಿನ ಒಂದು ಗಾದೆಯನ್ನು ಹೇಳಿದಳು: ಕಡಲಿಗೆ ಹಿತ್ತಿಲ ಬಾಗಿಲಿಲ್ಲ. ಮನೆಯಲ್ಲಾದರೆ ಅಪಾಯ ಬಂದಾಗ ಹಿಂದಿನಿಂದ ತಪ್ಪಿಸಿಕೊಳ್ಳಬಹುದು. ಕಡಲಿನಲ್ಲಿ ಹೊಕ್ಕ ದಾರಿಯಿಂದಲೇ ಹೊರಬರಬೇಕು ಎಂದು ಅದರ ತಾತ್ಪರ್ಯ. ದ್ವೀಪವಾಸಿಗಳು ತಲೆತಲಾಂತರದಿಂದ ಮಕ್ಕಳಿಗೆ ಕಲಿಸಿಕೊಂಡು ಬಂದ ಎಚ್ಚರಿಕೆಯ ಮಾತು ಅದು. ಆ ಮಾತು ಇನ್ನೊಂದು ಅರ್ಥದಲ್ಲಿ ನನ್ನೊಡನೆ ಊರಿಗೆ ಬಂದಿತು; ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಭಾನುವಾರ ಅದೇ ಕೊಲ್ಲಿಯ ದಡಕ್ಕೆ ಮತ್ತೆ ಹೋದಾಗ ಅದರ ಮುಖವೇ ಬೇರೆಯಾಗಿತ್ತು. ಪ್ರಾರ್ಥನೆ ಮುಗಿಸಿಕೊಂಡು ಬಂದ ಕುಟುಂಬಗಳು ಮರದ ನೆರಳಿನಲ್ಲಿ ಬಟ್ಟೆ ಹಾಸಿ, ಮನೆಯಲ್ಲಿ ಬೇಯಿಸಿ ತಂದ ಮೆಕರೋನಿ ಪೈ, ಕಾಳು ಬೆರೆಸಿದ ಅನ್ನ, ಹುರಿದ ಮೀನು ಇವುಗಳ ಪಾತ್ರೆಗಳನ್ನು ಬಿಚ್ಚುತ್ತಿದ್ದವು. ಅಲೆ ಹಿಂದೆ ಸರಿದು ಗಟ್ಟಿಯಾಗಿದ್ದ ಹಸಿಮರಳಿನ ಮೇಲೆ ಹುಡುಗರು ಕ್ರಿಕೆಟ್ಟಾಡುತ್ತಿದ್ದರು. ಮಚ್ಚಿನಿಂದ ಎಳನೀರು ಕೆತ್ತಿಕೊಡುವವನ ಕೈಚಳಕ ನಮ್ಮ ಮದ್ದೂರಿನವನದಕ್ಕೆ ಯಾವ ರೀತಿಯಿಂದಲೂ ಕಡಿಮೆಯಾಗಿರಲಿಲ್ಲ. ತೀರದ ಗಿಡಗಳ ನಡುವೆ ಒಂದು ಮರದ ಕಾಂಡಕ್ಕೆ ಮಾತ್ರ ಕೆಂಪು ಬಣ್ಣದ ಪಟ್ಟೆ ಬಳಿದಿತ್ತು. ಮಗಳು ನಮ್ಮನ್ನು ದೂರ ಎಳೆದು ವಿವರಿಸಿದಳು: ಅದು ಮಾಂಚಿನೀಲ್ ಮರ, ಅದರ ಪುಟ್ಟ ಸೇಬಿನಂಥ ಕಾಯಿ ವಿಷ, ಹಾಲು ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ, ಮಳೆ ಬಂದಾಗ ಅದರಡಿಯಲ್ಲಿ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರು ಸುಡುತ್ತದೆ. ಹಾಗಿದ್ದೂ ಅದನ್ನು ಕಡಿದು ಹಾಕಿಲ್ಲ, ಏಕೆಂದರೆ ಅದರ ಬೇರು ಮರಳನ್ನು ಹಿಡಿದು ನಿಲ್ಲಿಸುತ್ತದೆ. ಅಪಾಯವನ್ನು ಗುರುತಿಸಿ, ಎಚ್ಚರಿಕೆಯ ಪಟ್ಟೆ ಬಳಿದು, ಮರವನ್ನೂ ಜನರನ್ನೂ ಒಂದೇ ತೀರದಲ್ಲಿ ಉಳಿಸಿಕೊಂಡಿರುವ ಆ ವಿವೇಕ ನನಗೆ ಬಹಳ ಮೆಚ್ಚಿಗೆಯಾಯಿತು. ಬೇಲಿಯನ್ನು ಹಾಕದೆಯೂ ಕಡಲತೀರವನ್ನು ಕಾಪಾಡಬಹುದು ಎಂಬುದಕ್ಕೆ ಅದೊಂದು ಪ್ರತ್ಯಕ್ಷ ಪ್ರಮಾಣ.

ಇಂತಹ ತೀರದ ಬೆಲೆಯನ್ನು ಅರಿಯಬೇಕಾದರೆ ಆ ದ್ವೀಪದ ಇತಿಹಾಸದ ಕಡೆಗೆ ಒಮ್ಮೆ ಕಣ್ಣುಹಾಯಿಸಬೇಕು. ಬಾರ್ಬಡೋಸ್ ಇಡಿಯಾಗಿ ಸುಮಾರು 430 ಚದರ ಕಿಲೋಮೀಟರಿನಷ್ಟು ನೆಲ. ನಮ್ಮ ಒಂದು ಸಾಧಾರಣ ತಾಲ್ಲೂಕಿಗಿಂತಲೂ ಚಿಕ್ಕದು. 1627ರಲ್ಲಿ ಅಲ್ಲಿ ನೆಲಸಿದ ಇಂಗ್ಲಿಷರು, ಮುಂದಿನ ಎರಡು ದಶಕಗಳೊಳಗೆ ಕಬ್ಬಿನ ಬೇಸಾಯವನ್ನು ತಂದು, ಆಫ್ರಿಕದಿಂದ ಮನುಷ್ಯರನ್ನು ಸರಪಳಿಯಲ್ಲಿ ಬಿಗಿದು ತಂದು, ದ್ವೀಪವೆಲ್ಲವನ್ನೂ ತಮ್ಮ ತೋಟಗಳನ್ನಾಗಿ ವಿಭಾಗಿಸಿಕೊಂಡರು. 1834ರಲ್ಲಿ ದಾಸ್ಯವು ಶಾಸನದ ಮೂಲಕ ಕೊನೆಗಂಡು, 1838ರಲ್ಲಿ ಕಡ್ಡಾಯ ದುಡಿಮೆಯ ಕಟ್ಟೂ ಕಳಚಿದಾಗ, ಬಿಡುಗಡೆ ಹೊಂದಿದ ಜನರಿಗೆ ಸ್ವಾತಂತ್ರ್ಯ ದೊರೆಯಿತೇ ಹೊರತು ನೆಲ ದೊರೆಯಲಿಲ್ಲ. ತೋಟದವರ ನೆಲದಲ್ಲಿ ಬಾಡಿಗೆಗೆ ನಿಂತು, ಹೊರಡೆಂದಾಗ ಕಳಚಿ ಗಾಡಿಯ ಮೇಲೆ ಹೇರಿಕೊಂಡು ಹೋಗಬಹುದಾದ ಮರದ ಮನೆಗಳನ್ನು ಅವರು ಕಟ್ಟಿಕೊಂಡರು. 'ಚಾಟಲ್ ಹೌಸ್' ಎಂಬ ಹೆಸರಿನ ಆ ಪುಟ್ಟ ಮನೆಗಳು ಇಂದಿಗೂ ದ್ವೀಪದಲ್ಲಿ ಕಾಣಸಿಗುತ್ತವೆ. ಅಡಿಗಲ್ಲಿನ ಮೇಲೆ ಸುಮ್ಮನೆ ಕುಳಿತಿರುವ ಅಂಥ ಮನೆಯೊಂದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆನು. ಕಾಲ ಕೆಳಗಿನ ನೆಲವೂ ತನ್ನದಲ್ಲದ ಮನುಷ್ಯನಿಗೆ, ಯಾರ ಅಪ್ಪಣೆಯನ್ನೂ ಬೇಡದೆ ಹೋಗಿ ನಿಲ್ಲಬಹುದಾದ ಸ್ಥಳ ಯಾವುದಿದ್ದೀತು? ಕಡಲತೀರ. ಹಿಡಿದರೆ ಮೀನು ಕೊಡುವ, ಮಿಂದರೆ ಮೈಯ ನೋವನ್ನು ನೀಗುವ, ಬಾಡಿಗೆ ಕೇಳದ ತೀರ.

ಆ ತೀರಕ್ಕೂ ಇಪ್ಪತ್ತನೆಯ ಶತಮಾನದಲ್ಲಿ ಬೆಲೆ ಬಂದಿತು. ಕಬ್ಬಿಗೆ ಒಗ್ಗದ ಕಡಲಂಚಿನ ಮರಳುನೆಲ, ಚಳಿಗಾಲವನ್ನು ತಪ್ಪಿಸಿಕೊಂಡು ಬರುವ ಶ್ರೀಮಂತರಿಗೆ ಬಂಗಾರದಂತೆ ಕಂಡಿತು. ಸೇಂಟ್ ಜೇಮ್ಸ್ ಪ್ರಾಂತದ ಪಶ್ಚಿಮ ತೀರದುದ್ದಕ್ಕೂ ಬಂಗಲೆಗಳೂ ಹೋಟೆಲುಗಳೂ ಎದ್ದವು. ಇಂದು ಪ್ರವಾಸದ ಪುಸ್ತಕಗಳು ಆ ಭಾಗವನ್ನು ಪ್ಲಾಟಿನಂ ತೀರವೆಂದು ಕರೆಯುತ್ತವೆ. 1966ರ ನವೆಂಬರ್ 30ರಂದು ದೇಶ ಸ್ವತಂತ್ರವಾಯಿತು. 2021ರ ಅದೇ ದಿನ ಗಣರಾಜ್ಯವೂ ಆಯಿತು. ಇವೆರಡರ ನಡುವೆ, 1982ರಲ್ಲಿ, ತೀರದ ಇತಿಹಾಸದಲ್ಲಿ ಒಂದು ಮುಖ್ಯ ಘಟನೆ ನಡೆಯಿತು. ಹೋಟೆಲುಗಳ ಹಕ್ಕನ್ನು ನೀರಿನ ಅಂಚಿನವರೆಗೂ ವಿಸ್ತರಿಸಬೇಕೆಂಬ ಮಾತು ಪ್ರವಾಸೋದ್ಯಮದ ಅಧಿಕಾರಸ್ಥರಿಂದ ಹೊರಟಾಗ, 'ಮೈಟಿ ಗ್ಯಾಬಿ' ಎಂದು ಪ್ರಸಿದ್ಧನಾದ ಕ್ಯಾಲಿಪ್ಸೊ ಗಾಯಕನು 'ಜ್ಯಾಕ್' ಎಂಬ ಹಾಡನ್ನು ಕಟ್ಟಿದನು. ನಮ್ಮಲ್ಲಿ ಲಾವಣಿಕಾರರು ಮಾಡಿಕೊಂಡು ಬಂದ ಕೆಲಸವನ್ನೇ ಆ ದ್ವೀಪಗಳಲ್ಲಿ ಕ್ಯಾಲಿಪ್ಸೊ ಗಾಯಕರು ಮಾಡುತ್ತಾರೆ. ಆಳುವವರಿಗೆ ಮುಟ್ಟಬೇಕಾದ ಮಾತನ್ನು ಕುಣಿಸುವ ತಾಳದಲ್ಲಿಟ್ಟು ಬೀದಿಬೀದಿಗೆ ಮುಟ್ಟಿಸುತ್ತಾರೆ. ನನ್ನ ನಾಡಿನ ಕಡಲತೀರದಲ್ಲಿ ಮೀಯುವ ಹಕ್ಕು ನನ್ನದು ಎಂಬುದೇ ಆ ಹಾಡಿನ ಸಾರ. ನಲವತ್ತು ವರ್ಷ ಕಳೆದರೂ ತೀರದ ಹಕ್ಕಿನ ಮಾತು ಬಂದಾಗಲೆಲ್ಲ ಬಾರ್ಬಡೋಸಿನವರು ಅದನ್ನು ನೆನೆಯುತ್ತಾರೆ.

ಇಂದು ಬಾರ್ಬಡೋಸಿನಲ್ಲಿ ಉಬ್ಬರದ ನೀರು ಮುಟ್ಟುವ ಗೆರೆಯಿಂದ ಕೆಳಗಿನ ತೀರವೆಲ್ಲವೂ ಸಾರ್ವಜನಿಕ. ಯಾವ ಹೋಟೆಲೂ ಯಾವ ಧನಿಕನೂ ಅದನ್ನು ತನ್ನದೆಂದು ಹೇಳುವಂತಿಲ್ಲ. ಆದರೆ ನಿಯಮವಿದ್ದ ಮಾತ್ರಕ್ಕೆ ತೀರ ಜನರದಾಗಿ ಉಳಿಯುವುದಿಲ್ಲ ಎಂಬುದನ್ನು ನಾನು ಒಂದು ಮಧ್ಯಾಹ್ನ ಕಣ್ಣಾರೆ ಕಂಡೆನು. ಮೂರೂವರೆ ಡಾಲರು ತೆತ್ತು ಸರಕಾರದ ನೀಲಿ ಬಸ್ಸಿನಲ್ಲಿ ನಾವು ಪಶ್ಚಿಮ ತೀರಕ್ಕೆ ಹೋದೆವು. ಬಸ್ಸು ಕಡಲಿಗೆ ಸಮಾನಾಂತರವಾಗಿಯೇ ಓಡುತ್ತಿದ್ದರೂ ಮೈಲಿಗಟ್ಟಲೆ ಕಂಡುದು ಎತ್ತರದ ಗೋಡೆಗಳು, ಗೋಡೆಯ ಮೇಲಣ ಹೂಬಳ್ಳಿಗಳು, ದೊಡ್ಡ ಕಬ್ಬಿಣದ ಬಾಗಿಲುಗಳು. ಕಡಲು ಎಲ್ಲೋ ಒಮ್ಮೊಮ್ಮೆ ಎರಡು ಕಟ್ಟಡಗಳ ಸಂದಿನಲ್ಲಿ ಮಿಂಚಿ ಮರೆಯಾಗುತ್ತಿತ್ತು. ಅಂತಹ ಸಂದುಗಳನ್ನು ಅಲ್ಲಿಯವರು 'ಕಡಲಿನ ಕಿಟಕಿಗಳು' ಎನ್ನುತ್ತಾರೆ. ನಾವು ಇಳಿದಲ್ಲಿ ಎರಡು ಗೋಡೆಗಳ ನಡುವೆ, ಇಬ್ಬರು ಎದುರುಬದಿರು ಬಂದರೆ ಒಬ್ಬರು ಪಕ್ಕಕ್ಕೆ ತಿರುಗಿ ನಿಲ್ಲಬೇಕಾದಷ್ಟು ಕಿರಿದಾದ ಒಂದು ಕಾಲುದಾರಿ ತೀರದ ಕಡೆಗೆ ಹೋಗುತ್ತಿತ್ತು. ಅದರ ತುದಿಯಲ್ಲಿ ಒಂದು ಹೋಟೆಲಿನ ಕಾವಲುಗಾರನು ನಿಂತಿದ್ದು, ದುರಸ್ತಿಯ ಕೆಲಸ ನಡೆಯುತ್ತಿದೆಯಾದುದರಿಂದ ದಾರಿ ಮುಚ್ಚಿದೆ, ಮುಂದಿನ ದಾರಿಯಿಂದ ಹೋಗಿರೆಂದನು. ಆ ಮುಂದಿನ ದಾರಿ ಬಿಸಿಲಿನಲ್ಲಿ ಅರ್ಧ ಮೈಲಿ ದೂರವಿತ್ತು. ನನ್ನ ಪತ್ನಿಯ ಮೊಣಕಾಲು ಅಷ್ಟು ದೂರ ನಡೆಯಲು ಒಪ್ಪಲಿಲ್ಲ. ನಾವು ಕಡಲನ್ನು ನೋಡದೆಯೇ ಹಿಂದಿರುಗಿದೆವು. ಕಾವಲುಗಾರನು ಒರಟಾಗಿ ಮಾತನಾಡಲಿಲ್ಲ, ಯಾವ ಶಾಸನವೂ ಮುರಿಯಲ್ಪಟ್ಟಂತೆ ಮೇಲುನೋಟಕ್ಕೆ ಕಾಣಲಿಲ್ಲ. ತೀರ ಸಾರ್ವಜನಿಕವಾಗಿಯೇ ಇತ್ತು. ಅಲ್ಲಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ.

ಅಂದು ನನಗೆ ಆ ವೃದ್ಧೆಯ ಗಾದೆ ನೆನಪಾಯಿತು. ಕಡಲಿಗೆ ಹಿತ್ತಿಲ ಬಾಗಿಲಿಲ್ಲ. ಹಾಗಾದರೆ ಅದಕ್ಕಿರುವುದು ಮುಂಬಾಗಿಲು ಒಂದೇ. ಆ ಒಂದು ಬಾಗಿಲೇ ನೆಲದಿಂದ ತೀರಕ್ಕೆ ಹೋಗುವ ಕಾಲುದಾರಿ. ಅದನ್ನು ಮುಚ್ಚಿದವನು ತೀರವನ್ನು ಕೊಂಡುಕೊಳ್ಳಬೇಕಾಗಿಲ್ಲ. ಕೊಂಡಷ್ಟೇ ಫಲ ಅವನಿಗೆ ಲಭಿಸುತ್ತದೆ. ಆದುದರಿಂದ ಕಡಲತೀರದ ಹಕ್ಕೆಂಬುದು ವಾಸ್ತವದಲ್ಲಿ ಕಾಲುದಾರಿಯ ಹಕ್ಕು. ತೀರ ಸಾರ್ವಜನಿಕವೆಂದು ಘೋಷಿಸಿ ದಾರಿಯ ವಿಚಾರದಲ್ಲಿ ಮೌನವಾಗಿರುವ ಶಾಸನವು, ಬಾವಿಯನ್ನು ತೋರಿಸಿ ಹಗ್ಗವನ್ನು ಬಚ್ಚಿಟ್ಟಂತೆ.

ಕೆರಿಬಿಯನ್ನಿನದೇ ಆದ ಜಮೈಕದ ಸ್ಥಿತಿ ಇನ್ನೂ ಕಠಿನವಾದುದು. ಅಲ್ಲಿ ಇಂದಿಗೂ ಜಾರಿಯಲ್ಲಿರುವುದು, ದೇಶ ಸ್ವತಂತ್ರವಾಗುವುದಕ್ಕೆ ಆರು ವರ್ಷ ಮುಂಚೆ, 1956ರಲ್ಲಿ ವಸಾಹತು ಸರಕಾರವು ಮಾಡಿದ ತೀರನಿಯಂತ್ರಣ ಶಾಸನ. ಅದು ತೀರದ ಅಂಚನ್ನೂ ಕಡಲ ತಳವನ್ನೂ ಪ್ರಭುತ್ವದ ಸ್ವತ್ತೆಂದು ಸಾರಿತು. ಆದರೆ ಅಲ್ಲಿ ಹೋಗಿ ಮೀಯುವ ಸಾಮಾನ್ಯ ಹಕ್ಕನ್ನು ಪ್ರಜೆಗೆ ಕೊಡಲಿಲ್ಲ. ಪೋರ್ಟ್‌ಲ್ಯಾಂಡ್ ಪ್ರಾಂತದ ವಿನಿಫ್ರೆಡ್ ಬೀಚ್ ಎಂಬ ತೀರವನ್ನು ತಾವು ತಲೆಮಾರುಗಳಿಂದ ಅನುಭವಿಸಿಕೊಂಡು ಬಂದಿರುವುದಾಗಿ ಸ್ಥಳೀಯರು ನ್ಯಾಯಾಲಯದ ಮೆಟ್ಟಿಲೇರಿ, ವರ್ಷಗಟ್ಟಲೆ ಹೋರಾಡಿ, 2014ರಲ್ಲಿ ತಮ್ಮ ಪರವಾಗಿ ತೀರ್ಪು ಪಡೆಯಬೇಕಾಯಿತು. ಮಿಂದ ನೀರಿನಲ್ಲಿಯೇ ಮತ್ತೆ ಮೀಯಲು ಸಾಕ್ಷಿ ಪುರಾವೆಗಳನ್ನು ಒದಗಿಸಬೇಕಾಗಿ ಬರುವುದು ಒಂದು ಸ್ವತಂತ್ರ ಜನತೆಗೆ ಒದಗಬಾರದ ಸ್ಥಿತಿ.

ಪ್ರತಿಪಕ್ಷದ ವಾದವನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ಎರಡೂಮುಕ್ಕಾಲು ಲಕ್ಷದಷ್ಟು ಜನಸಂಖ್ಯೆಯ ಬಾರ್ಬಡೋಸಿಗೆ, ಸಕ್ಕರೆಯ ವೈಭವ ಅಳಿದ ಮೇಲೆ, ಪ್ರವಾಸಿಗನೇ ಅನ್ನದಾತ. ಹೋಟೆಲುಗಳು ಸಾವಿರಾರು ಮಂದಿಗೆ ಉದ್ಯೋಗ ಕೊಟ್ಟಿವೆ. ದುಡ್ಡು ಕೊಟ್ಟು ಬಂದವನು ಏಕಾಂತವನ್ನು ಅಪೇಕ್ಷಿಸುವುದು ತಪ್ಪಲ್ಲ. ಸಾರ್ವಜನಿಕ ತೀರಗಳಲ್ಲಿ ಕಸ ಬೀಳುತ್ತದೆ, ಖಾಸಗಿ ತೀರಗಳು ಚೊಕ್ಕಟವಾಗಿರುತ್ತವೆ. ಇವು ಹುರುಳಿಲ್ಲದ ಮಾತುಗಳಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಹೋಟೆಲು ಮಾರುತ್ತಿರುವ ಆ ತೀರವನ್ನು ನಿರ್ಮಿಸಿದವರು ಯಾರು? ಬಾರ್ಬಡೋಸಿನ ಬಿಳಿಯ ಮರಳು ಹವಳದ ಪುಡಿ, ಚಿಪ್ಪಿನ ಚೂರು. ಗಿಳಿಯ ಕೊಕ್ಕಿನಂಥ ಬಾಯುಳ್ಳ ಒಂದು ಬಗೆಯ ಮೀನು ಹವಳದ ಬಂಡೆಯನ್ನು ಕಚ್ಚಿ ಅರೆದು ವಿಸರ್ಜಿಸಿದ ಕಣಗಳೂ ಅದರಲ್ಲಿ ಸೇರಿವೆ. ಹವಳದ ದಿಬ್ಬಗಳು ಅಲೆಯ ರಭಸವನ್ನು ಮುರಿಯುವುದರಿಂದಲೇ ಆ ಮರಳು ನಿಂತಿದೆ. ಈ ದಿಬ್ಬಗಳಾಗಲಿ, ಬೇಸಗೆಯ ರಾತ್ರಿಗಳಲ್ಲಿ ಮೊಟ್ಟೆಯಿಡಲು ಮರಳಿಗೇರುವ ಕಡಲಾಮೆಗಳಾಗಲಿ ಯಾರ ಬಂಡವಾಳದಿಂದಲೂ ಹುಟ್ಟಿದವಲ್ಲ. ಅವುಗಳನ್ನು ಕಾಪಾಡಲು 1998ರಲ್ಲಿ ಕರಾವಳಿ ನಿರ್ವಹಣೆಯ ಶಾಸನವನ್ನು ಮಾಡಿದುದು, ಅದೇ ವರ್ಷ ಆಮೆಯ ಬೇಟೆಯನ್ನು ನಿಲ್ಲಿಸಿದುದು, ದಕ್ಷಿಣ ತೀರದಲ್ಲಿ ಕೊರೆತವನ್ನು ತಡೆಯಲು ಕಲ್ಲುಕಟ್ಟಡಗಳನ್ನು ಕಟ್ಟಿದುದು, ಇವೆಲ್ಲವೂ ಸಾರ್ವಜನಿಕ ಹಣದಿಂದ, ಸಾರ್ವಜನಿಕ ಸಂಕಲ್ಪದಿಂದ ನಡೆದವು.

ಆ ಕಲ್ಲುಕಟ್ಟಡದ ನಿದರ್ಶನವೇ ವಾದಕ್ಕೆ ಸಮರ್ಪಕವಾದ ಉತ್ತರ. ಹೇಸ್ಟಿಂಗ್ಸಿನಿಂದ ಆಕ್ರಾ ಬೀಚಿನವರೆಗೆ ಕೊರೆತದ ತಡೆಯ ಮೇಲೆಯೇ ಒಂದು ನಡೆದಾರಿಯನ್ನು ನಿರ್ಮಿಸಿ ಅದಕ್ಕೆ ರಿಚರ್ಡ್ ಹೇನ್ಸ್ ಬೋರ್ಡ್‌ವಾಕ್ ಎಂದು ಹೆಸರಿಟ್ಟಿದ್ದಾರೆ. ಅದರ ಒಂದು ಪಕ್ಕಕ್ಕೆ ಹೋಟೆಲುಗಳೂ ಮನೆಗಳೂ ಇವೆ, ಇನ್ನೊಂದು ಪಕ್ಕಕ್ಕೆ ಕಡಲು. ನಡುವೆ ಸಂಜೆಯ ಹೊತ್ತು ಹೋಟೆಲಿನ ಅತಿಥಿಯೂ ಕೆಲಸ ಮುಗಿಸಿ ಬಂದ ಅಂಗಡಿಯ ಹುಡುಗಿಯೂ ಮಗುವಿನ ಗಾಡಿಯನ್ನು ತಳ್ಳುವ ತಾಯಿಯೂ ಒಂದೇ ಹಲಗೆಯ ಮೇಲೆ ನಡೆಯುತ್ತಾರೆ. ಅಲ್ಲಿಯ ಹೋಟೆಲುಗಳು ಬರಿದಾಗಿರುವುದನ್ನು ನಾನು ಕಾಣಲಿಲ್ಲ. ಕಟ್ಟಿದ ತಡೆಯಿಂದ ಅವುಗಳ ನೆಲವೂ ಉಳಿದಿದೆ, ಜನರ ದಾರಿಯೂ ಉಳಿದಿದೆ. ಪ್ರವಾಸೋದ್ಯಮಕ್ಕೂ ಸಾರ್ವಜನಿಕ ಹಕ್ಕಿಗೂ ಹುಟ್ಟು ವೈರವಿದೆಯೆಂಬ ಮಾತು ಸತ್ಯವಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕಿತ್ತುಕೊಳ್ಳುವ ಅವಸರ ಮಾತ್ರ ಸತ್ಯ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2011ರಿಂದೀಚೆಗೆ ಅಟ್ಲಾಂಟಿಕ್ ಸಾಗರದಿಂದ ಸರ್ಗಾಸಮ್ ಎಂಬ ಕಂದು ಬಣ್ಣದ ಪಾಚಿ ರಾಶಿರಾಶಿಯಾಗಿ ತೇಲಿ ಬಂದು ದ್ವೀಪದ ಪೂರ್ವ ಮತ್ತು ದಕ್ಷಿಣ ತೀರಗಳನ್ನು ಮುಚ್ಚುತ್ತದೆ. ಕೊಳೆತಾಗ ಅದರಿಂದ ಕೊಳೆತ ಮೊಟ್ಟೆಯ ವಾಸನೆ ಹೊಮ್ಮುತ್ತದೆ. ಬಿಸಿಯೇರುತ್ತಿರುವ ನೀರಿನಲ್ಲಿ ಹವಳಗಳು ಬಣ್ಣಗೆಟ್ಟು ಸಾಯುತ್ತಿವೆ. 2024ರ ಜುಲೈ ಮೊದಲ ದಿನ ದ್ವೀಪದ ದಕ್ಷಿಣಕ್ಕೆ ಹಾದುಹೋದ ಬೆರಿಲ್ ಚಂಡಮಾರುತ, ನಮ್ಮ ಕ್ರಿಕೆಟ್ ತಂಡವನ್ನು ಗೆದ್ದ ಊರಿನಲ್ಲಿಯೇ ಕೆಲವು ದಿನ ತಡೆದು ನಿಲ್ಲಿಸಿದ ಅದೇ ಚಂಡಮಾರುತ, ಬ್ರಿಜ್‌ಟೌನಿನ ಬಂದರಿನಲ್ಲಿದ್ದ ಬಹುಸಂಖ್ಯೆಯ ಮೀನುದೋಣಿಗಳನ್ನು ಜಜ್ಜಿಹಾಕಿತು. ಇಂತಹ ವಿಪತ್ತುಗಳು ಬಂದಾಗ ತೀರವನ್ನು ಉಳಿಸಬೇಕೆಂಬ ಆಸ್ಥೆ ಯಾರಲ್ಲಿ ಹುಟ್ಟುತ್ತದೆ? ಬಾಲ್ಯದಲ್ಲಿ ಅಲ್ಲಿ ಆಡಿದವರಲ್ಲಿ, ಮುಪ್ಪಿನಲ್ಲಿ ಅಲ್ಲಿ ಮೀಯುವವರಲ್ಲಿ. ತೀರದಿಂದ ಹೊರಗಿಡಲ್ಪಟ್ಟ ಜನರು ಅದರ ಅಳಿವಿಗಾಗಿ ಕಣ್ಣೀರಿಡಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಗಾಳಿ, ಹರಿಯುವ ನೀರು, ಕಡಲು, ಕಡಲತೀರ ಇವು ಪ್ರಕೃತಿದತ್ತವಾಗಿ ಎಲ್ಲರಿಗೂ ಸಮಾನವಾದುವೆಂದು ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಕಾಲದಲ್ಲಿ, ಕ್ರಿ.ಶ. 533ರಲ್ಲಿ, ಸಂಕಲಿಸಿದ ನ್ಯಾಯಗ್ರಂಥವು ಹೇಳಿತು. ಅದೇ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಬಿಯಾಸ್ ನದಿಯ ದಂಡೆಯನ್ನು ಕುರಿತ ಮೊಕದ್ದಮೆಯಲ್ಲಿ, 1996ರ ಡಿಸೆಂಬರಿನಲ್ಲಿ, ಈ ದೇಶದ ಶಾಸನದ ಅಂಗವೆಂದು ಎತ್ತಿಹಿಡಿಯಿತು: ಇಂಥ ಸಂಪತ್ತಿಗೆ ಸರಕಾರವು ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ. ಅದಕ್ಕೂ ಮುಂಚೆ, 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿಯೇ, ಕಡಲತೀರದಲ್ಲಿ ಎರಡು ಹೋಟೆಲುಗಳ ನಡುವೆ ಜನರು ತೀರಕ್ಕೆ ಹೋಗಲು 20 ಮೀಟರಿಗೆ ಕಡಮೆಯಿಲ್ಲದ ತೆರಪನ್ನು ಬಿಡಬೇಕೆಂದು ವಿಧಿಸಲಾಗಿತ್ತು. ಬಾರ್ಬಡೋಸಿನ ಆ ಇಕ್ಕಟ್ಟಾದ ಕಾಲುದಾರಿಯಲ್ಲಿ ನಿಂತಾಗ ನನಗೆ ಈ 20 ಮೀಟರು ಬಹಳ ದೊಡ್ಡದಾಗಿ ಕಂಡಿತು. ಆದರೆ ಕಾಗದದ ಮೇಲಿನ ಅಳತೆ ಮರಳಿನ ಮೇಲೂ ಉಳಿಯಬೇಕಲ್ಲವೆ? ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯಲ್ಲಿ ಕೈರಂಪಣಿ ಬಲೆಯನ್ನು ಎಳೆಯುವ ಮೊಗವೀರರಿಗೂ ಖಾರ್ವಿಗಳಿಗೂ ತೀರವು ವಿಹಾರದ ಸ್ಥಳವಲ್ಲ, ದುಡಿಮೆಯ ಅಂಗಳ. ಹತ್ತಾರು ಜನ ಸಾಲಾಗಿ ನಿಂತು ಹಗ್ಗ ಹಿಡಿದು ಹಿಂದೆ ಹಿಂದೆ ಸರಿಯಬೇಕಾದರೆ ಅವರ ಬೆನ್ನ ಹಿಂದೆ ಬಯಲಿರಬೇಕು, ಗೋಡೆಯಿರಬಾರದು. ವಿಹಾರಧಾಮಗಳು ನಮ್ಮಲ್ಲಿಯೂ ಹೆಚ್ಚುತ್ತಿರುವ ಈ ಕಾಲದಲ್ಲಿ, ಆ ಪುಟ್ಟ ದ್ವೀಪವು ಹಾಡಿ ಹೋರಾಡಿ ಕಲಿತ ಪಾಠವನ್ನು ನಾವು ಓದಿಯಾದರೂ ಕಲಿಯಬೇಕು.

ಆದುದರಿಂದ ನನ್ನ ವಿನಂತಿ ಎರಡು. ದೇಶಾಂತರಕ್ಕೆ ಹೋಗುವ ನನ್ನ ನಾಡಿನವರಲ್ಲಿ ಮೊದಲನೆಯದು: ಕೆರಿಬಿಯನ್ನಿಗೆ ಹೋಗಲಿ, ಬೇರೆ ಯಾವ ಕಡಲಿಗೆ ಹೋಗಲಿ, ಒಂದು ಮುಂಜಾನೆಯನ್ನಾದರೂ ಆ ಊರಿನವರೇ ಮೀಯುವ ತೀರದಲ್ಲಿ ಕಳೆಯಿರಿ. ಮೊದಲು ನಮಸ್ಕಾರ ಹೇಳಿ ಆಮೇಲೆ ನೀರಿಗಿಳಿಯಿರಿ; ಎಳನೀರನ್ನೂ ಮೀನನ್ನೂ ಅಲ್ಲಿಯ ಗಾಡಿಯವನಿಂದಲೇ ಕೊಳ್ಳಿರಿ; ತಂದ ಕಸವನ್ನು ಹಿಂದಕ್ಕೆ ಒಯ್ಯಿರಿ. ಅತಿಥಿಯು ಸಾರ್ವಜನಿಕ ದಾರಿಯಲ್ಲಿ ನಡೆದಷ್ಟೂ ಆ ದಾರಿ ಸವೆಯದೆ ಗಟ್ಟಿಯಾಗುತ್ತದೆ. ಎರಡನೆಯದು ನಮ್ಮ ಕರಾವಳಿಯನ್ನು ಆಳುವವರಲ್ಲಿ: ಕಡಲಿಗೆ ಹೋಗುವ ಪ್ರತಿಯೊಂದು ಕಾಲುದಾರಿಯನ್ನೂ ಅಳೆದು, ಗ್ರಾಮದ ನಕ್ಷೆಯಲ್ಲಿ ಗುರುತು ಮಾಡಿ, ಅದರ ಬಾಯಲ್ಲಿ ಒಂದು ಕಲ್ಲನ್ನು ನೆಟ್ಟು, ಇದು ಎಲ್ಲರ ದಾರಿ ಎಂದು ಕನ್ನಡದಲ್ಲಿ ಬರೆಯಿಸಿರಿ. ಅದಕ್ಕೆ ತಗಲುವ ವೆಚ್ಚ ಅಲ್ಪ. ಒಮ್ಮೆ ಕಳೆದುಕೊಂಡ ದಾರಿಯನ್ನು ಮರಳಿ ಪಡೆಯಲು ತಗಲುವುದು ತಲೆಮಾರುಗಳ ಹೋರಾಟ.